ಹಿರಣ್ಯಕೇಶಿಯ ತಳದಲ್ಲೊಂದು ಹೊನ್ನಮೀನು

ದಿವಾ ಜಂಕ್ಷನ್ನಿನಿಂದ ಬೆಳಗಿನ ಹೊತ್ತು ಸಾವಂತವಾಡಿಗೆ ಹೊರಡುವ ಗಾಡಿಯು ನಮ್ಮಲ್ಲಿ ಅನೇಕರಿಗೆ ಪರಿಚಿತವಾದುದು. ಕೊಂಕಣದ ಬಾಂಧವರು ಗಣೇಶ ಚತುರ್ಥಿಗೆಂದು ಅದನ್ನು ಹತ್ತುತ್ತಾರೆ. ಕರಾವಳಿಯ ಕಡೆಯ ಕೆಲವು ಕನ್ನಡಿಗರು ಸಾವಂತವಾಡಿಯಲ್ಲಿಳಿದು ಮುಂದಿನ ಗಾಡಿಯನ್ನು ಕಾಯುತ್ತಾರೆ. ಬೆಳಗಾವಿ ಜಿಲ್ಲೆಯವನಾದ ನನಗೆ ಆ ಗಾಡಿಯ ಮೇಲೆ ಬೇರೊಂದು ಕಾರಣಕ್ಕಾಗಿ ಮಮತೆ. ಸಾವಂತವಾಡಿಯಿಂದ ಸುಮಾರು 30 ಕಿಲೋಮೀಟರು ಘಟ್ಟವನ್ನೇರಿದರೆ ಆಂಬೋಲಿ. ಆಂಬೋಲಿಯಲ್ಲಿ ಒಂದು ಗುಹೆಯ ಬಾಯಿಯಿಂದ ಹೊರಬೀಳುವ ನೀರೇ ಹಿರಣ್ಯಕೇಶಿ ನದಿಯ ಮೂಲ. ಆ ನೀರು ಆಜರಾ, ಗಡಹಿಂಗ್ಲಜಗಳನ್ನು ದಾಟಿ, ಗಡಿಯನ್ನು ಲೆಕ್ಕಿಸದೆ ನಮ್ಮ ಸಂಕೇಶ್ವರಕ್ಕೆ ಬಂದು, ಘಟಪ್ರಭೆಯನ್ನು ಸೇರಿ, ಕೃಷ್ಣೆಯಾಗಿ ಬಂಗಾಳ ಉಪಸಾಗರಕ್ಕೆ ಹೋಗುತ್ತದೆ. ಅರಬ್ಬೀ ಸಮುದ್ರವನ್ನು ಬೆಟ್ಟದ ಅಂಚಿನಿಂದ ಕಣ್ಣಾರೆ ಕಾಣಬಹುದಾದ ಸ್ಥಳದಲ್ಲಿ ಹುಟ್ಟಿದ ನೀರು ಅದಕ್ಕೆ ಬೆನ್ನು ತಿರುಗಿಸಿ ಇಡೀ ದಖ್ಖನನ್ನು ಹಾಯ್ದು ಹೋಗುವುದು ಭೂಗೋಲದ ಒಂದು ವಿನೋದವೇ ಸರಿ.

ಈ ನದಿಯ ಮೂಲದಲ್ಲಿ ಕಿರುಬೆರಳಿನಷ್ಟು ಉದ್ದದ ಒಂದು ಮೀನು ವಾಸಿಸುತ್ತದೆ. ಅದರ ವಿಚಾರವಾಗಿ ಈ ಸಂಚಿಕೆಯಲ್ಲಿ ಬರೆಯಲು ನಾನು ಹೊರಟಿರುವುದು ವಾಚಕರಿಗೆ ವಿಚಿತ್ರವಾಗಿ ಕಂಡೀತು. ಮಧುಮೇಹ, ರಕ್ತದೊತ್ತಡಗಳ ಕುರಿತು ನಮ್ಮ ಸಂಘದ ವೈದ್ಯಮಿತ್ರರು ಅಧಿಕಾರವಾಣಿಯಿಂದ ಬರೆಯುತ್ತಿರುವಾಗ, ವಾಣಿಜ್ಯಶಾಸ್ತ್ರದ ಪದವೀಧರನೂ ಬ್ಯಾಂಕಿನ ನೌಕರನೂ, ಸಾಲದ್ದಕ್ಕೆ ಸಸ್ಯಾಹಾರಿಯೂ ಆದ ನನಗೆ ಮೀನಿನ ಗೊಡವೆ ಏಕೆ? ನಾವು ಕುಡಿಯುವ ನೀರಿನ ಆರೋಗ್ಯವನ್ನು ನಮಗಿಂತ ಮೊದಲು ಅರಿಯುವ ಜೀವಿಯಿದು ಎಂಬುದೊಂದು ಕಾರಣ. ಇನ್ನೊಂದು ಕಾರಣವು ನಮ್ಮ ಮನೆಯೊಳಗಿನದು. ಅದನ್ನು ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

2020ರ ಅಕ್ಟೋಬರಿನಲ್ಲಿ ಜೆ. ಪ್ರವೀಣ್‌ರಾಜ್, ತೇಜಸ್ ಠಾಕರೆ ಮತ್ತು ಶಂಕರ್ ಬಾಲಸುಬ್ರಮಣಿಯನ್ ಎಂಬ ಮೂವರು ಈ ಮೀನನ್ನು ವಿಜ್ಞಾನಕ್ಕೆ ಹೊಸದೆಂದು ವಿವರಿಸಿ, ಅದಕ್ಕೆ ‘ಶಿಸ್ಟುರಾ ಹಿರಣ್ಯಕೇಶಿ’ ಎಂದು ನಾಮಕರಣ ಮಾಡಿದರು. ಹಿರಣ್ಯಕೇಶಿಯೆಂದರೆ ಹೊಂಗೂದಲಿನವಳು, ಅದು ಪಾರ್ವತಿಯ ಹೆಸರೆಂದು ಸ್ಥಳೀಯರು ಹೇಳುತ್ತಾರೆ. ಮೈಬಣ್ಣದಲ್ಲಿ ಹೊನ್ನಿನ ಛಾಯೆಯಿರುವ ಈ ಮೀನಿಗೆ ಆ ಹೆಸರು ಎರಡು ಬಗೆಯಿಂದಲೂ ಒಪ್ಪುತ್ತದೆ. ಇದು ಗೊತ್ತಾದ ಮರುವರ್ಷವೇ, ಅಂದರೆ 2021ರಲ್ಲಿ, ಅದೇ ಹಿರಣ್ಯಕೇಶಿಯಿಂದ ಇದೇ ಬಳಗದ ಇನ್ನೊಂದು ಹೊಸ ಮೀನು ‘ಇಂಡೋರಿಯೋನೆಕ್ಟಿಸ್ ರಾಜೀವಿ’ ಎಂಬ ಹೆಸರಿನಿಂದ ವರ್ಣಿತವಾಯಿತು. ಶತಮಾನಗಳಿಂದ ಯಾತ್ರಿಕರು ಮಿಂದು ಬರುತ್ತಿದ್ದ ನೀರಿನಲ್ಲಿ, ಯಾರ ಲೆಕ್ಕದ ಪುಸ್ತಕಕ್ಕೂ ಸೇರದೆ, ಎರಡು ಜೀವಿಗಳು ಅವರ ಕಾಲಡಿಯಲ್ಲಿಯೇ ಸಂಸಾರ ಮಾಡಿಕೊಂಡಿದ್ದವು!

ಇವುಗಳನ್ನು ಆಂಗ್ಲ ಭಾಷೆಯಲ್ಲಿ ‘ಲೋಚ್’ ಎನ್ನುತ್ತಾರೆ. ಬಾಲ್ಯದಲ್ಲಿ ನಾವು ಹುಡುಗರು ಸಂಕೇಶ್ವರದ ಹೊಳೆಯಲ್ಲಿ ಬೇಸಿಗೆಯ ರಜೆಯ ದಿನಗಳಲ್ಲಿ ಟವೆಲ್ಲನ್ನು ಇಬ್ಬರು ಹಿಡಿದು ಈ ಬಳಗದ ಮೀನುಗಳನ್ನು ಬಾಚಿ ತೆಗೆಯುತ್ತಿದ್ದೆವು. ಮನೆಗೆ ಒಯ್ಯುವಂತಿರಲಿಲ್ಲವಾದ್ದರಿಂದ ಒಂದಿಷ್ಟು ನೋಡಿ ಮರಳಿ ನೀರಿಗೆ ಬಿಡುತ್ತಿದ್ದೆವು. ಅವುಗಳಿಗೆ ಹೆಸರಿದೆಯೆಂದು ಸಹ ನಮಗೆ ತೋಚಿರಲಿಲ್ಲ. ಕಲ್ಲಿನ ಕೆಳಗಿನ ಮೀನು ಎಂದರೆ ಸಾಕಾಗುತ್ತಿತ್ತು.

ತಳದಲ್ಲಿ ಬಾಳುವ ಮೀನಿನ ಶರೀರವು ಹೇಗೆ ಆ ಬಾಳಿಗೆ ತಕ್ಕಂತೆ ರೂಪುಗೊಂಡಿದೆಯೆಂಬುದನ್ನು ಗಮನಿಸಿದರೆ ಆಶ್ಚರ್ಯವಾಗದಿರದು. ಸಾಮಾನ್ಯವಾಗಿ ಮೀನಿನ ಉದರದಲ್ಲಿ ಒಂದು ಗಾಳಿಚೀಲವಿರುತ್ತದೆ. ಆ ಚೀಲದಲ್ಲಿರುವ ಗಾಳಿಯನ್ನು ಹೆಚ್ಚು ಕಡಿಮೆ ಮಾಡಿಕೊಂಡು ಮೀನು ನೀರಿನ ಯಾವ ಮಟ್ಟದಲ್ಲಾದರೂ ಶ್ರಮವಿಲ್ಲದೆ ನಿಲ್ಲಬಲ್ಲದು. ಲೋಚ್ ಮೀನುಗಳಲ್ಲಿಯಾದರೋ ಈ ಚೀಲವು ಕುಗ್ಗಿ, ತಲೆಯ ಹಿಂಬದಿಯಲ್ಲಿ ಎಲುಬಿನ ಪುಟ್ಟ ಡಬ್ಬಿಯೊಳಗೆ ಸೆರೆಯಾಗಿರುತ್ತದೆ. ಆದಕಾರಣ ಮೀನು ತೇಲಲಾರದು. ಈಜುವುದನ್ನು ನಿಲ್ಲಿಸಿದೊಡನೆ ತಳಕ್ಕೆ ಕುಳಿತುಬಿಡುತ್ತದೆ. ಇದು ಊನವೆಂದು ಭಾವಿಸಬೇಡಿ. ಭರದಿಂದ ಹರಿಯುವ ಬೆಟ್ಟದ ತೊರೆಯಲ್ಲಿ ತೇಲುವವನು ಕೊಚ್ಚಿಹೋಗುತ್ತಾನೆ, ಕುಳಿತವನು ಉಳಿಯುತ್ತಾನೆ. ತಳಕ್ಕೆ ತಾಗಿದ ಒಂದೆರಡು ಅಂಗುಲದಲ್ಲಿ, ಅದರಲ್ಲಿಯೂ ಕಲ್ಲುಗಳ ಮರೆಯಲ್ಲಿ, ನೀರಿನ ವೇಗವು ಬಹಳ ಕಡಿಮೆ. ಇನ್ನು ಆ ಕುಗ್ಗಿದ ಗಾಳಿಚೀಲ ವ್ಯರ್ಥವೂ ಅಲ್ಲ. ಸಣ್ಣ ಸಣ್ಣ ಎಲುಬುಗಳ ಸರಪಣಿಯೊಂದು ಅದನ್ನು ಕಿವಿಗೆ ಜೋಡಿಸಿರುವುದರಿಂದ, ನೀರಿನ ಕಂಪನಗಳನ್ನು ಕೇಳಿಸಿಕೊಳ್ಳಲು ಅದು ನೆರವಾಗುತ್ತದೆ.

ಎದೆಯ ಮತ್ತು ಹೊಟ್ಟೆಯ ಈಜುರೆಕ್ಕೆಗಳು ಬೀಸಣಿಗೆಯಂತೆ ಅಗಲವಾಗಿ, ನೆಲಕ್ಕೆ ಸಮಾನಾಂತರವಾಗಿ ಹರಡಿರುತ್ತವೆ. ಮೀನು ಅವುಗಳ ಮೇಲೆ ಮೊಣಕೈಯೂರಿ ಕುಳಿತಂತೆ ಕುಳಿತಿರುತ್ತದೆ. ಬಾಯಿ ಮುಖದ ಕೆಳಭಾಗದಲ್ಲಿದೆ. ಬಾಯಿಯ ಸುತ್ತ ಮೂರು ಜೊತೆ ಮೀಸೆಗಳು. ಕಣ್ಣಿಗೆ ಬೆಳಕು ನಿಲುಕದ ಕಲ್ಲುಸಂದಿಗಳಲ್ಲಿ ಈ ಮೀಸೆಗಳೇ ಅದಕ್ಕೆ ಬೆರಳೂ ನಾಲಗೆಯೂ ಆಗಿವೆ. ತಡವಿದ್ದನ್ನು ತಡವಿದ ಕ್ಷಣದಲ್ಲಿಯೇ ರುಚಿನೋಡಬಲ್ಲವು. ಕಲ್ಲಿಗೆ ಅಂಟಿಕೊಂಡ ಕೀಟಗಳ ಮರಿಗಳು, ಹುಳುಗಳು, ಅಲ್ಪಸ್ವಲ್ಪ ಪಾಚಿ ಇವು ಅದರ ಆಹಾರ. ಮೈಮೇಲಿನ ಕಂದು ಪಟ್ಟೆಗಳು ಬೆಣಚುಕಲ್ಲಿನ ನೆರಳುಬೆಳಕಿನಲ್ಲಿ ಎಷ್ಟು ಚೆನ್ನಾಗಿ ಬೆರೆಯುತ್ತವೆಯೆಂದರೆ, ಅದು ಅಲುಗಾಡುವ ತನಕ ಅಲ್ಲೊಂದು ಮೀನಿದೆಯೆಂದು ಎದುರಿಗೆ ನಿಂತವನಿಗೂ ತಿಳಿಯುವುದಿಲ್ಲ.

ಲೋಚ್‌ಗಳಲ್ಲಿ ನಮ್ಮ ಕಡೆ ಕಾಣಸಿಗುವವು ಮುಖ್ಯವಾಗಿ ಎರಡು ಕುಟುಂಬದವು. ಬೆಟ್ಟದ ತೊರೆಗಳ ಕಲ್ಲಿನಡಿ ಬಾಳುವ, ಹಿರಣ್ಯಕೇಶಿಯ ಹೊನ್ನಮೀನು ಸೇರಿರುವ ಕುಟುಂಬ ಒಂದು. ಬಯಲಿನ ಹೊಳೆಯ ಮರಳಿನಲ್ಲಿ ಹುದುಗಿಕೊಳ್ಳುವ ಕುಟುಂಬ ಇನ್ನೊಂದು. ಎರಡನೆಯದರ ಕಣ್ಣಿನ ಕೆಳಗೆ ಕವಲೊಡೆದ ಚಿಕ್ಕ ಮುಳ್ಳಿರುತ್ತದೆ. ಬೇಕಾದಾಗ ಅದನ್ನು ಎತ್ತಿ ನಿಲ್ಲಿಸುತ್ತದೆ. ಹುಡುಗರಾಗಿದ್ದಾಗ ನಮ್ಮ ಬೆರಳಿಗೆ ಚುಚ್ಚುತ್ತಿದ್ದುದು ಅದೇ. ಪರ್ಯಾಯದ್ವೀಪದ ಭಾರತದಲ್ಲೂ ಶ್ರೀಲಂಕೆಯಲ್ಲೂ ವ್ಯಾಪಕವಾಗಿರುವ ‘ಲೆಪಿಡೊಸೆಫಾಲಿಕ್ತಿಸ್ ಥರ್ಮಾಲಿಸ್’ ಎಂಬುದು ಈ ಕುಟುಂಬದ ಪ್ರತಿನಿಧಿ. ಫ್ರೆಂಚ್ ವಿಜ್ಞಾನಿ ವಾಲೆನ್ಸಿಯೆನ್ 1846ರಲ್ಲಿ ಅದನ್ನು ವರ್ಣಿಸಿದಾಗ, ಮಾದರಿಗಳು ಶ್ರೀಲಂಕೆಯ ಟ್ರಿಂಕೋಮಲಿಯ ಬಳಿಯ ಬಿಸಿನೀರಿನ ಬುಗ್ಗೆಗಳಿಂದ ಬಂದಿದ್ದುದರಿಂದ ಆ ಹೆಸರು ಬಂದಿತು. ತಮಿಳರು ಅದನ್ನು ‘ಅಯಿರೈ’ ಎನ್ನುತ್ತಾರೆ. ಮದುರೆಯ ಅಯಿರೈ ಮೀನಿನ ಸಾರು ಪ್ರಸಿದ್ಧವಾದುದು. ಇಂಥ ಪುಟ್ಟ ಮೀನುಗಳನ್ನು ಎಲುಬುಸಹಿತ ಇಡಿಯಾಗಿ ತಿನ್ನುವುದರಿಂದ ಸುಣ್ಣದ ಅಂಶವು ಧಾರಾಳವಾಗಿ ದೊರೆಯುತ್ತದೆಂದು ಆಹಾರತಜ್ಞರು ಹೇಳುತ್ತಾರೆ. ತಿನ್ನುವವರು ಅದನ್ನು ಗಮನದಲ್ಲಿಡಬಹುದು.

ಈ ಎರಡು ಕುಟುಂಬಗಳ ನಡುವಣ ನಿಜವಾದ ಭೇದವಿರುವುದು ಉಸಿರಾಟದಲ್ಲಿ. ಮರಳಿನ ಲೋಚ್ ಬಡತನವನ್ನು ಕಂಡ ಜೀವಿ. ಬೇಸಿಗೆಯಲ್ಲಿ ಹೊಳೆ ಬತ್ತಿ, ಗುಂಡಿಗಳಲ್ಲಿ ನಿಂತ ನೀರು ಬಿಸಿಯಾಗಿ, ಅದರಲ್ಲಿ ಕರಗಿದ ಆಮ್ಲಜನಕವು ಮುಗಿಯುತ್ತ ಬಂದಾಗ, ಈ ಕುಟುಂಬದ ಮೀನುಗಳು ಮೇಲೆ ಬಂದು ಬಾಯಿಯಿಂದ ಗಾಳಿಯನ್ನು ನುಂಗುತ್ತವೆ. ನುಂಗಿದ ಗಾಳಿಯು ಕರುಳಿನೊಳಗೆ ಹೋಗಿ, ರಕ್ತನಾಳಗಳು ದಟ್ಟವಾಗಿರುವ ಕರುಳಿನ ಹಿಂಭಾಗದಲ್ಲಿ ಆಮ್ಲಜನಕವನ್ನು ರಕ್ತಕ್ಕೆ ಒಪ್ಪಿಸಿ, ಉಳಿದುದು ಗುದದ್ವಾರದಿಂದ ಗುಳ್ಳೆಯಾಗಿ ಹೊರಬೀಳುತ್ತದೆ. ಕರುಳನ್ನೇ ಪುಪ್ಪುಸವನ್ನಾಗಿ ಮಾಡಿಕೊಂಡ ಈ ಉಪಾಯವನ್ನು ನೆನೆದಾಗಲೆಲ್ಲ ನನಗೆ ಕಲ್ಯಾಣದ ಲೋಕಲ್ ಗಾಡಿಯ ಬಾಗಿಲಿನಲ್ಲಿ ನಿಂತು ಉಸಿರೆಳೆದುಕೊಳ್ಳುವ ನಮ್ಮವರ ನೆನಪಾಗುತ್ತದೆ. ಯುರೋಪಿನಲ್ಲಿ ಇದರ ಬಂಧುವೊಂದನ್ನು ‘ಹವಾಮೀನು’ ಎಂದು ಕರೆಯುವುದುಂಟು. ಬಿರುಗಾಳಿಗೆ ಮುನ್ನ ವಾಯುಭಾರವು ಕುಸಿದಾಗ ಅದು ಚಡಪಡಿಸುವುದರಿಂದ ಜನರು ಅದನ್ನು ಗಾಜಿನ ಪಾತ್ರೆಯಲ್ಲಿಟ್ಟು ಹವೆಯ ಸೂಚನೆ ಪಡೆಯುತ್ತಿದ್ದರಂತೆ.

ಕಲ್ಲಿನಡಿಯ ಲೋಚಿಗೆ ಇಂಥ ಸಂಚಿತ ನಿಧಿಯಿಲ್ಲ. ಸದಾ ಕಲ್ಲಿಗೆ ಬಡಿದು ನೊರೆಯೇಳುತ್ತ ಗಾಳಿಯನ್ನು ಕುಡಿಯುವ ನೀರಿನಲ್ಲಿಯೇ ಅದು ಬೆಳೆದುಬಂದಿದೆ. ಇಲ್ಲಿ ಒಂದು ಲೆಕ್ಕವನ್ನು ಹೇಳಬೇಕು. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರು ಶುದ್ಧ ನೀರು ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಮು ಆಮ್ಲಜನಕವನ್ನು ಕರಗಿಸಿಕೊಂಡಿರಬಲ್ಲದು. 30 ಡಿಗ್ರಿಗೆ ಏರಿದರೆ ಸುಮಾರು ಏಳೂವರೆ ಮಾತ್ರ. ದಂಡೆಯ ಮರಗಳನ್ನು ಕಡಿದು ನೆರಳು ಹೋದರೆ ನೀರು ಕಾಯುತ್ತದೆ, ಅಷ್ಟರಮಟ್ಟಿಗೆ ಮೀನಿನ ಉಸಿರು ಕುಗ್ಗುತ್ತದೆ. ನೀರಿಗೆ ಕೊಳೆಯುವ ಪದಾರ್ಥ ಬಿದ್ದರೆ, ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಇದ್ದ ಆಮ್ಲಜನಕವನ್ನೂ ಕಬಳಿಸುತ್ತವೆ. ಕೊಳೆತವು ನಡೆಯುವುದು ಬಹುಪಾಲು ತಳದಲ್ಲಿ. ಮೀನು ಇರುವುದೂ ತಳದಲ್ಲಿ. ಸಾಬೂನಿನ ಪುಡಿ ಕಿವಿರಿನ ಲೋಳೆಯನ್ನು ಕೆಡಿಸುತ್ತದೆ. ಹೂಳು ಬಂದು ಕಲ್ಲುಗಳ ನಡುವಣ ಸಂದಿಗಳು ಮುಚ್ಚಿಹೋದರಂತೂ ಮನೆಯೇ ಹೋದಂತೆ.

ಇವುಗಳ ಹರಡಿಕೆಯ ಕಥೆ ಇನ್ನೂ ಸ್ವಾರಸ್ಯವಾದುದು. ಸೈಕ್ಸ್ ಎಂಬ ಸೇನಾಧಿಕಾರಿ ಬೊಂಬಾಯಿ ಸರಕಾರದ ಅಂಕಿಸಂಖ್ಯಾ ವರದಿಗಾರನಾಗಿ ದಖ್ಖನದಲ್ಲಿ ಸಂಚರಿಸಿ, ಜನ, ಬೆಳೆ, ಕಂದಾಯಗಳ ಲೆಕ್ಕದ ಜೊತೆಗೆ ಹೊಳೆಗಳ ಮೀನುಗಳನ್ನೂ ಲೆಕ್ಕಹಾಕಿದನು. 1839ರಲ್ಲಿ ಅವನು ವರ್ಣಿಸಿದ ಲೋಚ್‌ಗಳಲ್ಲಿ ಒಂದಕ್ಕೆ ‘ಮೂರೆ’ ಎಂದೇ ಹೆಸರು. ಬೆಸ್ತರ ಬಾಯಿಂದ ಕೇಳಿದ ಮರಾಠಿ ಹೆಸರನ್ನು ಅವನು ಹಾಗೆಯೇ ಲ್ಯಾಟಿನ್ನಿನ ಜೊತೆಗೆ ಕೂಡಿಸಿದನು. ಮುಂದೆ ಅವನು ಈಸ್ಟ್ ಇಂಡಿಯಾ ಕಂಪೆನಿಯ ಅಧ್ಯಕ್ಷನೂ ಆದನು. ಲೆಕ್ಕಪತ್ರದವರು ಮೀನಿನ ತಂಟೆಗೆ ಹೋಗಬಾರದೆನ್ನುವವರಿಗೆ ನಾನು ಅವನನ್ನು ಉದಾಹರಿಸುತ್ತೇನೆ. 1872ರಲ್ಲಿ ಫ್ರಾನ್ಸಿಸ್ ಡೇ ಎಂಬ ವೈದ್ಯನು ಪುಣೆಯಿಂದ ಇನ್ನೊಂದನ್ನು ವರ್ಣಿಸಿ, ಕರ್ನಲ್ ಎವೆಜಾರ್ಡನ ಹೆಸರಿಟ್ಟನು. ಇದೇ ಮೀನಿನ ಬಂಧುಗಳು ಛತ್ತೀಸಗಢದ ಬಸ್ತರಿನ ಕೋಟುಮ್ಸರ್ ಗುಹೆಯ ಕತ್ತಲಿನಲ್ಲಿ ಎಷ್ಟೋ ಕಾಲದಿಂದ ಉಳಿದು, ಕಣ್ಣು ಕ್ಷೀಣಿಸಿ, ಬಣ್ಣ ಕಳೆದುಕೊಂಡು ಬಾಳುತ್ತಿವೆ.

ಕರ್ನಾಟಕದಲ್ಲಿ ನೋಡಿದರೆ ಒಂದೊಂದು ಹೊಳೆಗೂ ತನ್ನದೇ ಆದ ಲೋಚ್ ಇದೆಯೇನೋ ಎನಿಸುತ್ತದೆ. ಎ. ಜಿ. ಕೆ. ಮೆನನ್ ಎಂಬ ವಿಜ್ಞಾನಿ 1984ರಲ್ಲಿ ಧರ್ಮಸ್ಥಳದ ನೇತ್ರಾವತಿಯಿಂದ ಒಂದನ್ನು, 1987ರಲ್ಲಿ ಕೊಡಗಿನ ಹೆಸರಿನಿಂದ ಇನ್ನೊಂದನ್ನು ವರ್ಣಿಸಿದರು. 2006ರಲ್ಲಿ ಶರಾವತಿ ಕಣಿವೆಯನ್ನು ಅಭ್ಯಸಿಸುತ್ತಿದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತಮ್ಮ ಸಹೋದ್ಯೋಗಿಗಳೊಡನೆ ‘ಶಿಸ್ಟುರಾ ಶರಾವತಿಯೆನ್ಸಿಸ್’, ‘ಶಿಸ್ಟುರಾ ನಾಗೋಡಿಯೆನ್ಸಿಸ್’ ಎಂಬ ಎರಡನ್ನು ಬೆಳಕಿಗೆ ತಂದರು. ನಾಗೋಡಿಯು ಕೊಲ್ಲೂರಿನ ದಾರಿಯಲ್ಲಿರುವ ಘಟ್ಟದ ಊರು; ಮೂಕಾಂಬಿಕೆಯ ದರ್ಶನಕ್ಕೆ ಹೋಗುವ ಎಷ್ಟೋ ಕನ್ನಡಿಗರು ಅದನ್ನು ಹಾದುಹೋಗಿದ್ದಾರೆ.

ಏಕೆ ಹೀಗೆ? ತಂಪು ನೀರನ್ನು ಬೇಡುವ ಮೀನು ಒಂದು ಬೆಟ್ಟದ ತೊರೆಯಿಂದ ಇನ್ನೊಂದು ಬೆಟ್ಟದ ತೊರೆಗೆ ಹೋಗಬೇಕಾದರೆ ಬಯಲಿನ ಬೆಚ್ಚಗಿನ, ಕೆಸರಿನ ಹೊಳೆಯನ್ನು ದಾಟಬೇಕು, ದಾಟಲಾರದು. ಆದ್ದರಿಂದ ಒಂದೊಂದು ನದೀಮೂಲವೂ ಅದರ ಪಾಲಿಗೆ ದ್ವೀಪ. ಲಕ್ಷಾಂತರ ವರ್ಷಗಳಲ್ಲಿ ಒಂದೊಂದು ದ್ವೀಪದಲ್ಲಿಯೂ ಬೇರೆಬೇರೆ ಜಾತಿಗಳು ಮೂಡುತ್ತವೆ. ಹಾಗಾದರೆ ಮೊದಲು ಅವು ಇಲ್ಲಿಗೆ ಬಂದದ್ದು ಹೇಗೆ? ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ನಿರ್ದೇಶಕರಾಗಿದ್ದ ಸುಂದರಲಾಲ್ ಹೋರಾ ಅವರು (1896–1955) ಒಂದು ವಾದವನ್ನು ಮುಂದಿಟ್ಟರು. ಪೂರ್ವ ಹಿಮಾಲಯದ ತೊರೆಮೀನುಗಳಿಗೂ ಸಹ್ಯಾದ್ರಿಯ ತೊರೆಮೀನುಗಳಿಗೂ ಇರುವ ಸಾಮ್ಯವನ್ನು ಗುರುತಿಸಿ, ಅವು ಹಿಂದೊಮ್ಮೆ ವಿಂಧ್ಯ–ಸಾತ್ಪುಡಾ ಪರ್ವತಶ್ರೇಣಿಗಳನ್ನೇ ಸೇತುವೆಯಾಗಿ ಮಾಡಿಕೊಂಡು ಪಶ್ಚಿಮಕ್ಕೆ ಬಂದಿರಬೇಕೆಂದರು. ಇದನ್ನೇ ‘ಸಾತ್ಪುಡಾ ಸಿದ್ಧಾಂತ’ ಎನ್ನುವುದು. ಅದರ ಮೇಲೆ ಚರ್ಚೆಗಳು ಬಹಳ ನಡೆದಿವೆ, ಎಲ್ಲರೂ ಒಪ್ಪಿದ್ದಾರೆಂದೇನೂ ಅಲ್ಲ. ಇನ್ನೊಂದು ದಾರಿಯೆಂದರೆ ನದಿಯು ನದಿಯನ್ನು ಕಸಿಯುವುದು. ಘಟ್ಟದ ನೆತ್ತಿಯಲ್ಲಿ ಪೂರ್ವಕ್ಕೆ ಹರಿಯುವ ತೊರೆಗೂ ಪಶ್ಚಿಮಕ್ಕೆ ಧುಮುಕುವ ತೊರೆಗೂ ನಡುವೆ ಕೆಲವೆಡೆ ಕೂಗಳತೆಯ ದೂರ. ಕಡಿದಾದ ಪಶ್ಚಿಮದ ತೊರೆ ಬಂಡೆಯನ್ನು ಹಿಂದಕ್ಕೆ ಹಿಂದಕ್ಕೆ ಕೊರೆಯುತ್ತ ಹೋಗಿ ಒಂದು ದಿನ ಪೂರ್ವದ ತೊರೆಯ ನೀರನ್ನು ಮೀನುಸಮೇತ ತನ್ನ ಕಡೆಗೆ ತಿರುಗಿಸಿಕೊಳ್ಳುತ್ತದೆ. ಲೋಣಾವಳದ ಬೆಟ್ಟಗಳಲ್ಲಿ ನೋಡಿ: ಅಲ್ಲಿಂದ ಇಂದ್ರಾಯಣಿ ಪೂರ್ವಕ್ಕೆ ಹೋಗಿ ಭೀಮೆಯ ಮೂಲಕ ನಮ್ಮ ಕಲಬುರಗಿ ಸೀಮೆಗೆ ಬರುತ್ತದೆ, ಉಲ್ಹಾಸವು ಪಶ್ಚಿಮಕ್ಕಿಳಿದು ಕರ್ಜತ, ಬದಲಾಪುರಗಳ ಮೂಲಕ ಕಲ್ಯಾಣದ ಖಾಡಿಗೆ ಬಂದು, ನಮ್ಮ ದಿವಾದ ಪಕ್ಕದಲ್ಲಿಯೇ ಸಮುದ್ರದ ಉಪ್ಪನ್ನು ಬೆರೆಸಿಕೊಳ್ಳುತ್ತದೆ.

ಉಲ್ಹಾಸದ ಮೇಲ್ಭಾಗದ ಬೆಟ್ಟದ ತೊರೆಗಳಲ್ಲಿ ಈ ಬಳಗದ ಮೀನುಗಳು ಇಂದಿಗೂ ಇವೆ. ಕೆಳಗಿಳಿಯುತ್ತ ಬಂದಂತೆ ಅವು ಕಾಣೆಯಾಗುತ್ತವೆ. ದಿವಾದ ಖಾಡಿಯ ಕೆಸರಿನಲ್ಲಿ ನಮಗೆ ಕಾಣುವುದು ‘ನಿವಟಿ’ ಎಂದು ಆಗರಿ–ಕೋಳಿ ಬಂಧುಗಳು ಕರೆಯುವ, ಕೆಸರಿನ ಮೇಲೆ ಕುಪ್ಪಳಿಸುವ ಮೀನು. ಅದು ಬೇರೆಯೇ ವಂಶದ್ದು. ತಳದ ಜೀವಿಗಳೆಲ್ಲಕ್ಕೂ ಒಂದು ಸಮಾನ ಗಂಡಾಂತರವಿದೆ. ಕಾರಖಾನೆಗಳ ನೀರಿನಲ್ಲಿ ಬರುವ ಪಾದರಸ, ಸೀಸಗಳಂತಹ ಭಾರವಾದ ಲೋಹಗಳು ಹರಿದು ಹೋಗಿಬಿಡುವುದಿಲ್ಲ, ಕೆಸರಿಗಂಟಿ ಕುಳಿತುಕೊಳ್ಳುತ್ತವೆ. ಕೆಸರಿನಲ್ಲಿಯೇ ಉಂಡು ಮಲಗುವ ಜೀವಿಯ ದೇಹಕ್ಕೆ ಅವು ಸೇರುತ್ತವೆ, ಅದನ್ನು ತಿಂದವರ ದೇಹಕ್ಕೂ ಬರುತ್ತವೆ. ಕಾರಖಾನೆಗಳ ಕೆಳದಂಡೆಯಲ್ಲಿ ಹಿಡಿದ ತಳದ ಮೀನನ್ನು, ವಿಶೇಷವಾಗಿ ಗರ್ಭಿಣಿಯರೂ ಮಕ್ಕಳೂ, ವರ್ಜಿಸುವುದು ಒಳ್ಳೆಯದು.

ಅಂಬರನಾಥದಲ್ಲಿ 1060ರಲ್ಲಿ ಕಟ್ಟಿದ ಶಿಲಾಹಾರರ ಕಾಲದ ಶಿವಾಲಯವಿದೆ. ಅದರ ಪಕ್ಕದಲ್ಲಿ ವಾಲಧುನಿ ಹರಿಯುತ್ತದೆ. ನಮ್ಮಲ್ಲಿ ಎಷ್ಟೋ ಜನ ಶಿವರಾತ್ರಿಗೆ ಅಲ್ಲಿಗೆ ಹೋಗಿ ಬಂದವರು. ನೀರಿನ ಬಣ್ಣವನ್ನು ಕಂಡವರು. 2014ರಲ್ಲಿ ಟ್ಯಾಂಕರಿನಿಂದ ಆ ನದಿಗೆ ಸುರಿದ ರಾಸಾಯನಿಕದಿಂದ ವಿಷಾನಿಲವೆದ್ದು ಉಲ್ಹಾಸನಗರದಲ್ಲಿ ನೂರಾರು ಮಂದಿ ಅಸ್ವಸ್ಥರಾಗಿ ಆಸ್ಪತ್ರೆ ಸೇರಿದ್ದರು. ಮನುಷ್ಯರೇ ಮೂರ್ಛೆ ಹೋಗುವ ನೀರಿನಲ್ಲಿ ಕಲ್ಲಿನಡಿಯ ಮೀನನ್ನು ಹುಡುಕುವುದು ಹಾಸ್ಯಾಸ್ಪದವಾದೀತು. ಆಂಬೋಲಿಯಲ್ಲಿಯೂ ನದೀಮೂಲದಲ್ಲಿ ಶಿವಾಲಯವೇ ಇದೆ. ದೇವಸ್ಥಾನದ ಕುಂಡದಲ್ಲಿ ಹೊನ್ನಮೀನು ಇದೆ.

ದೇವರ ಭಯವು ನಮ್ಮ ನಾಡಿನಲ್ಲಿ ಮೀನುಗಳನ್ನು ಬಹಳ ಕಾಲ ಕಾಪಾಡಿದೆ ಎಂಬುದರಲ್ಲಿ ಸಂಶಯವಿಲ್ಲ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ತೋಳುದ್ದದ ಮೀನುಗಳು ಮಂಡಕ್ಕಿಗಾಗಿ ಮುಗಿಬೀಳುವುದನ್ನು ನಾವೆಲ್ಲ ಕಂಡಿದ್ದೇವೆ. ಭಯವೊಂದೇ ಸಾಲದೆಂಬುದು ಕೂಡ ಶಿಶಿಲದಲ್ಲಿಯೇ ತಿಳಿಯಿತು. 1996ರಲ್ಲಿ ದುಷ್ಕರ್ಮಿಗಳು ವಿಷವಿಕ್ಕಿದ್ದರಿಂದ ಅಲ್ಲಿ ಸಾವಿರಾರು ಮೀನುಗಳು ಸತ್ತವು. ಭಕ್ತಿಗೆ ಇನ್ನೊಂದು ಮಿತಿಯೂ ಇದೆಯೆಂದು ನನಗೆ ತೋರುತ್ತದೆ: ಅದು ಕಣ್ಣಿಗೆ ಕಾಣುವ ದೊಡ್ಡ ಮೀನನ್ನು ಪೂಜಿಸುತ್ತದೆ. ಕಲ್ಲಿನಡಿ ಅಡಗಿದ ಒಂದೂವರೆ ಅಂಗುಲದ ಮೀನಿಗೆ ಮಂಡಕ್ಕಿ ಬೇಡ. ನಾವು ಎಸೆದ ಮಂಡಕ್ಕಿ ಪುಟ್ಟ ಕುಂಡದಲ್ಲಿ ಮುಳುಗಿ ಕೊಳೆತರೆ ಅದರ ಉಸಿರಿಗೇ ಸಂಚಕಾರ.

ಸರಕಾರವು ಈ ವಿಷಯದಲ್ಲಿ ತಡಮಾಡಲಿಲ್ಲವೆಂಬುದನ್ನು ಮೆಚ್ಚಿಕೊಳ್ಳಬೇಕು. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಮಹಾರಾಷ್ಟ್ರ ಸರಕಾರವು 2021ರಲ್ಲಿ ಆಂಬೋಲಿಯ ಆ ದೇವಸ್ಥಾನದ ಪರಿಸರವನ್ನು, ಸುಮಾರು 2 ಹೆಕ್ಟೇರಿನಷ್ಟು ನೆಲವನ್ನು, ಜೀವವೈವಿಧ್ಯ ಪರಂಪರೆಯ ತಾಣವೆಂದು ಘೋಷಿಸಿತು. ಇಂಥ ತಾಣಗಳಲ್ಲಿ ದೇಶದಲ್ಲಿಯೇ ಮೊದಲನೆಯದು ನಮ್ಮ ಕರ್ನಾಟಕದ್ದು, ದೇವನಹಳ್ಳಿಯ ಬಳಿಯ ನಲ್ಲೂರಿನ ಹುಣಸೆಯ ತೋಪು (2007). ಹುಣಸೆಯ ತೋಪಿಗೆ ಬೇಲಿ ಹಾಕಬಹುದು. ಹರಿಯುವ ನೀರಿಗೆ ಬೇಲಿ ಹಾಕುವುದು ಹೇಗೆ?

ಇಲ್ಲಿಗೆ ನಮ್ಮ ಮನೆಯ ವಿಚಾರ. ನನ್ನ ಮಗನು ಎರಡು ವರ್ಷಗಳ ಹಿಂದೆ ಹಟಮಾಡಿ ಗಾಜಿನ ತೊಟ್ಟಿಯನ್ನು ಕೊಳ್ಳಿಸಿದನು. ಬಣ್ಣದ ಮೀನುಗಳ ಜೊತೆಗೆ, ಗಾಜಿನ ಪಾಚಿಯನ್ನು ತಿಂದು ಸ್ವಚ್ಛಮಾಡುತ್ತದೆಂದು ಅಂಗಡಿಯವನು ಒಂದು ಕಪ್ಪು ಮೀನನ್ನೂ ಕೊಟ್ಟನು. ಅದು ಮೂಲತಃ ದಕ್ಷಿಣ ಅಮೆರಿಕದ, ಮೈಯೆಲ್ಲ ಎಲುಬಿನ ಕವಚ ತೊಟ್ಟ ಸಕರ್ ಮೀನು; ಅದೂ ತಳವಾಸಿಯೇ. ಬೆರಳುದ್ದವಿದ್ದುದು ವರ್ಷದೊಳಗೆ ಗೇಣುದ್ದವಾಗಿ, ತೊಟ್ಟಿಯಲ್ಲಿ ತಿರುಗಲಾರದಾಯಿತು. ಕೊಲ್ಲಲು ಮನಸ್ಸಿಲ್ಲ, ಸಾಕಲು ಸ್ಥಳವಿಲ್ಲ. ಕಳೆದ ವರ್ಷ ಆಂಬೋಲಿಗೆ ಹೊರಡುವ ಹಿಂದಿನ ರಾತ್ರಿ ನನ್ನ ಹೆಂಡತಿ, “ಹೆಂಗೂ ದೇವಸ್ಥಾನಕ್ಕ ಹೊಂಟೀವಿ, ಅಲ್ಲಿ ಕುಂಡದಾಗ ಬಿಟ್ಟು ಬರೂಣು, ಪುಣ್ಯಾನೂ ಬರ್ತದ” ಎಂದಳು. ಮಗನು ಆಗಲೇ ಎರಡು ಪದರದ ಪ್ಲಾಸ್ಟಿಕ್ ಚೀಲವನ್ನು ಸಿದ್ಧಮಾಡಿದ್ದನು. ಸತ್ಯವನ್ನು ಹೇಳಬೇಕೆಂದರೆ, ನನಗೂ ಅದು ಸರಿಯೆಂದೇ ಕಂಡಿತ್ತು. ನೋಡಿ, ಎಂಥ ಸದ್ಭಾವನೆಯಿಂದ ಎಂಥ ಅನಾಹುತಕ್ಕೆ ನಾವು ಸಿದ್ಧರಾಗಿದ್ದೆವು! ಅಂದು ರಾತ್ರಿ ಆಂಬೋಲಿಯ ವಿಷಯವಾಗಿ ಓದುತ್ತ ಕುಳಿತಾಗಲೇ ಹೊನ್ನಮೀನಿನ ಸಂಗತಿ ನನಗೆ ತಿಳಿದುದು.

ಆ ಕವಚದ ಮೀನು ನಮ್ಮ ದೇಶದ ಅನೇಕ ಕೆರೆಹೊಳೆಗಳಲ್ಲಿ ಈಗಾಗಲೇ ಬೇರೂರಿದೆ; ಹೀಗೆ ಮನೆಯ ತೊಟ್ಟಿಗಳಿಂದ ಹೊರಬಿದ್ದು ಬಂದುದೇ. ಬೆಸ್ತರ ಬಲೆಯನ್ನು ಹರಿಯುತ್ತದೆ, ತಳವನ್ನು ಕೆದಕುತ್ತದೆ, ತಳದ ಆಹಾರವನ್ನೆಲ್ಲ ನುಣ್ಣಗೆ ಮೇಯುತ್ತದೆ. ಒಂದು ಕುಂಡವನ್ನೇ ಆಶ್ರಯಿಸಿದ ಕಿರುಮೀನಿಗೆ ಅದರಿಂದ ಏನಾಗಬಹುದೆಂದು ಊಹಿಸುವುದು ಕಷ್ಟವಲ್ಲ.

ಆರೋಗ್ಯ ಇಲಾಖೆಯ ಸೊಳ್ಳೆಮೀನುಗಳದೂ ಇದೇ ಬಗೆಯ ಪ್ರಶ್ನೆ. ಗಪ್ಪಿಯು 1908ರಲ್ಲಿಯೂ ಗ್ಯಾಂಬೂಸಿಯ 1928ರಲ್ಲಿಯೂ ಮಲೇರಿಯ ನಿವಾರಣೆಗೆಂದು ಭಾರತಕ್ಕೆ ಬಂದವು. ಮೇಲ್ಮುಖವಾದ ಬಾಯುಳ್ಳ ಈ ಮೀನುಗಳು ನೀರಿನ ಮೇಲ್ಪದರದಲ್ಲಿ ತೂಗಾಡುವ ಸೊಳ್ಳೆಯ ಮರಿಗಳನ್ನು ತಿನ್ನುತ್ತವೆ. ನಮ್ಮ ಲೋಚ್ ಕೆಳಮುಖವಾದ ಬಾಯಿಂದ ಆ ಕೆಲಸವನ್ನು ಮಾಡಲಾರದು. ಕೋಲಾರ ಜಿಲ್ಲೆಯ ಕಾಮಸಮುದ್ರದ ಸುತ್ತಲಿನ ಹಳ್ಳಿಗಳ ಬಾವಿಗಳಲ್ಲಿ ಈ ಮೀನುಗಳನ್ನು ಬಿಟ್ಟು ಮಲೇರಿಯವನ್ನು ಹತೋಟಿಗೆ ತಂದುದು ದಾಖಲಾಗಿದೆ. ಬಾವಿಯಲ್ಲಿ, ತೊಟ್ಟಿಯಲ್ಲಿ, ನಮ್ಮ ಕಟ್ಟಡಗಳ ಕಾರಂಜಿಯಲ್ಲಿ ಅವು ಇರಲಿ. ಹರಿಯುವ ತೊರೆಗೆ ಬಿಟ್ಟರೆ, ವಿಶೇಷವಾಗಿ ಗ್ಯಾಂಬೂಸಿಯವು, ಅನ್ಯ ಮೀನುಗಳ ಮೊಟ್ಟೆಮರಿಗಳನ್ನೂ ಬಿಡುವುದಿಲ್ಲ. ಬಾವಿಗೆ ಔಷಧವಾದುದು ತೊರೆಗೆ ವಿಷವಾದೀತು.

ನಮ್ಮ ಕಪ್ಪು ಮೀನನ್ನು ಅಂಗಡಿಗೇ ಮರಳಿಸಿದೆವು. ಅಂಗಡಿಯವನು ಗೊಣಗಿ, ಕಡೆಗೆ ದೊಡ್ಡ ತೊಟ್ಟಿಯಲ್ಲಿ ಹಾಕಿಕೊಂಡನು. ಇಂಥ ಮೀನು ಮನೆಯಲ್ಲಿರುವವರು ಹೀಗೆ ಮಾಡಬಹುದು; ಅಥವಾ ದೊಡ್ಡ ತೊಟ್ಟಿಯಿರುವ ಗೆಳೆಯರಿಗೆ ಒಪ್ಪಿಸಬಹುದು. ಮಾಸುಂದಾ ಕೆರೆಗೆ, ಉಲ್ಹಾಸದ ಸೇತುವೆಯ ಮೇಲಿಂದ, ಊರಿನ ಹೊಳೆಗೆ ಬಿಡುವುದು ಬೇಡ.

ಆಂಬೋಲಿಯಲ್ಲಿ ನಾವು ಕುಂಡದ ಮೆಟ್ಟಿಲಿನ ಮೇಲೆ ಬಹಳ ಹೊತ್ತು ಕುಳಿತಿದ್ದೆವು. ಹೊನ್ನಮೀನು ನನ್ನ ಕಣ್ಣಿಗೆ ಬಿತ್ತೆಂದು ಹೇಳಲಾರೆ, ಮಗನು ಕಂಡೆನೆನ್ನುತ್ತಾನೆ. ಮಳೆಗಾಲ ಆಗತಾನೆ ಮುಗಿದಿತ್ತು. ವರ್ಷಕ್ಕೆ ಸುಮಾರು 7000 ಮಿಲಿಮೀಟರು ಮಳೆ ಬೀಳುವ ಆ ಊರಿನಲ್ಲಿ ಬಂಡೆಬಂಡೆಯಿಂದಲೂ ನೀರು ಜಿನುಗುತ್ತಿತ್ತು. ಅಲ್ಲಿಂದ ಬಸ್ಸು ಹಿಡಿದು, ನದಿಯ ಜೊತೆಜೊತೆಗೇ ಎಂಬಂತೆ ಆಜರಾ, ಗಡಹಿಂಗ್ಲಜಗಳನ್ನು ದಾಟಿ ಸಂಜೆಯ ಹೊತ್ತಿಗೆ ಸಂಕೇಶ್ವರವನ್ನು ಸೇರಿದೆವು. ಬೆಳಿಗ್ಗೆ ಕುಂಡದಲ್ಲಿ ಕಲ್ಲಿನ ಗೆರೆಗಳನ್ನು ಎಣಿಸಬಹುದಾಗಿದ್ದ ನೀರು, ಊರಿನ ಸೇತುವೆಯ ಕೆಳಗೆ ಮಣ್ಣಿನ ಬಣ್ಣದ್ದಾಗಿತ್ತು. ನಾವು ಟವೆಲ್ಲು ಹಿಡಿದು ನಿಲ್ಲುತ್ತಿದ್ದ ಮರಳಿನ ದಿಬ್ಬ ಈಗಿಲ್ಲ; ಮರಳೆಲ್ಲ ಊರೂರಿನ ಗೋಡೆಗಳಿಗೆ ಸೇರಿದೆ.

ಮರುದಿನ ಅಣ್ಣನ ಮಗನು ನಮ್ಮನ್ನು ಇನ್ನಷ್ಟು ಮೇಲಕ್ಕೆ, ಮರಳು ಸ್ವಲ್ಪ ಉಳಿದಿರುವ ಒಂದು ತಿರುವಿಗೆ ಕರೆದೊಯ್ದನು. ಮಕ್ಕಳಿಬ್ಬರೂ ಮೊಣಕಾಲಿನವರೆಗೆ ನೀರಿಗಿಳಿದು ಟವೆಲ್ಲಿನಲ್ಲಿ ಬಾಚಿದರು. ಮೂರನೆಯ ಸಲಕ್ಕೆ, “ಕಾಕಾ, ಇದಕ್ಕ ಮೀಸಿ ಅದಾವ ನೋಡ್ರಿ!” ಎಂದು ಅವನು ಕೂಗಿದನು. ಅಂಗೈಯಗಲದ ನೀರಿನಲ್ಲಿ ಎರಡು ಅಂಗುಲದ ಮರಳುಬಣ್ಣದ ಮೀನು, ಕಣ್ಣಿನ ಕೆಳಗಿನ ಮುಳ್ಳನ್ನು ಸೆಟೆಸಿಕೊಂಡು, ಕವಡೆಯಂತೆ ಸುತ್ತಿಕೊಳ್ಳುತ್ತಿತ್ತು. ನೋಡಿದೆವು. ಟವೆಲ್ಲನ್ನು ನೀರಿಗೆ ಬಗ್ಗಿಸಿದೊಡನೆ ಅದು ತಲೆಯನ್ನು ಮುಂದಿಟ್ಟು ಮರಳಿನೊಳಗೆ ಹೊಕ್ಕಿತು.